ಅರ್ಧಕ್ಕಿಳಿಸಿದ ನೀರು

ಓಮ ಹಾಕಿ ಕುದಿಸಿದ ನೀರು ಅರ್ಧಕ್ಕಿಳಿದಾಗ, ಸ್ಟೀಲಿನ ಪಾತ್ರೆಯ ಒಳಗೋಡೆಯಲ್ಲಿ, ಮೊದಲು ನೀರು ನಿಂತಿದ್ದ ಮಟ್ಟಕ್ಕೆ, ಸುಣ್ಣದ ತೆಳು ಉಂಗುರವೊಂದು ಉಳಿದಿರುತ್ತದೆ. ಉಗುರಿನಿಂದ ಕೆರೆದರೆ ಹುಡಿಯಾಗಿ ಬರುತ್ತದೆ, ಬೆರಳಿಗೆ ಸೀಮೆಸುಣ್ಣದ ಹಾಗೆ ಅಂಟುತ್ತದೆ.

ಹೋದ ತಿಂಗಳು ಅರಕಲಗೂಡಿನಲ್ಲಿ ನಮ್ಮ ಕಾಲೇಜಿನ ಸಹೋದ್ಯೋಗಿಯೊಬ್ಬರ ಮನೆಗೆ ಮಗು ನೋಡಲು ಹೋಗಿದ್ದೆ. ಚಪ್ಪಲಿ ಬಿಡುವಾಗಲೇ ಓಮದ ವಾಸನೆ ಮೂಗಿಗೆ ಬಡಿಯಿತು. ಒಳಗೆ ಹೋಗಿ, ಯಾರು ಏನು ಅನ್ನುವ ಮೊದಲೇ, ನೇರವಾಗಿ ಅಡುಗೆಮನೆಗೆ ನಡೆದು ಒಲೆಯ ಮೇಲಿನ ಪಾತ್ರೆ ಬಗ್ಗಿ ನೋಡಿದೆ. ಆ ಮನೆಯವರಿಗೆ ವಿಚಿತ್ರ ಅನ್ನಿಸಿರಬೇಕು. ಹೆಚ್ಚು ಮಾತಾಡದ ನಾನು ಕೇಳಿದ ಮೊದಲ ಮಾತೇ, ಇದು ಯಾವ ನೀರು ಅಂತ. ಹೊಳೆ ನೀರು, ನಲ್ಲಿಯದು ಅಂದರು. ಆಮೇಲೆ ಮಗುವನ್ನು ಎತ್ತಿಕೊಂಡೆ. ಮೂರು ವರ್ಷವಾದರೂ ಆ ಬೇಸಿಗೆಯ ಸಿಟ್ಟು ನನ್ನಲ್ಲಿ ಆರಿಲ್ಲ. ಆರಬೇಕು ಅಂತ ನಾನು ಬಯಸಿಯೂ ಇಲ್ಲ.

ಅತಿಥಿ ಉಪನ್ಯಾಸಕರಿಗೆ ಬೇಸಿಗೆ ಅಂದರೆ ಕೆಲಸವಿಲ್ಲದ ಕಾಲ. ಆ ಸಲ ಯುಗಾದಿ ಮುಗಿಯುತ್ತಿದ್ದಂತೆ ಅಮ್ಮ ನನ್ನನ್ನು ದೊಡ್ಡವ್ವನ ಮನೆಗೆ ಕಳಿಸಿದಳು. ದಂಡಿಗನಹಳ್ಳಿ ಹೋಬಳಿಯ ಒಂದು ಹಳ್ಳಿ ಅದು. ತೆಂಗು, ರಾಗಿ, ಎರಡೆರಡು ಸೀಮೆಹಸು ಇರುವ ಮನೆಗಳು. ದೊಡ್ಡವ್ವನ ಮಗಳು ಮಮತಾ ಮೊದಲ ಬಾಣಂತನಕ್ಕೆ ಬಂದಿದ್ದಳು. ಅವಳ ಗಂಡ ತಿಪಟೂರಿನಲ್ಲಿ ಮೇಷ್ಟ್ರು, ಭಾನುವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ದೊಡ್ಡವ್ವನಿಗೆ ಮಂಡಿನೋವು. ಮಗುವಿಗೆ ಎಣ್ಣೆ ನೀರು ಹಾಕುವುದು, ಬಟ್ಟೆ ಒಗೆಯುವುದು, ಸಾಂಬ್ರಾಣಿ ಹೊಗೆ ಹಿಡಿಯುವುದಕ್ಕೆ ಒಂದು ಗಟ್ಟಿ ಕೈ ಬೇಕಿತ್ತು. ಆ ಕೈ ನಾನು.

ಆ ವರ್ಷದ ಬಿಸಿಲು ಬೆಳಿಗ್ಗೆ ಎಂಟಕ್ಕೇ ಅಂಗಳದ ಸಿಮೆಂಟನ್ನು ಕಾಯಿಸಿಬಿಡುತ್ತಿತ್ತು. ಹಿತ್ತಲಲ್ಲಿ ಕೊಟ್ಟಿಗೆ, ಅದರ ಪಕ್ಕ ತಿಪ್ಪೆ, ತಿಪ್ಪೆಯಿಂದ ನಾಲ್ಕು ಮಾರು ದೂರದಲ್ಲಿ ಬೋರ್‌ವೆಲ್, ಅದರಾಚೆ ತೆಂಗಿನ ತೋಟ. ಹೋದ ದಿನವೇ ನನ್ನ ಕಣ್ಣು ಅಲ್ಲಿಗೆ ಹೋಯಿತು. ತಿಪ್ಪೆಯ ರಸ, ತೋಟಕ್ಕೆ ಸುರಿಯುವ ಯೂರಿಯಾ, ಎರಡೂ ಮಣ್ಣಲ್ಲಿ ಇಳಿದು ನೈಟ್ರೇಟ್ ಆಗಿ ಕೊಳವೆಯ ಬಾಯಿ ಹುಡುಕಿಕೊಂಡು ಹೋಗುತ್ತವೆ. ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ತೋರಿಸಲು ಇಟ್ಟುಕೊಂಡಿದ್ದ ಪರೀಕ್ಷೆಯ ಕಡ್ಡಿಗಳು ನನ್ನ ಬ್ಯಾಗಿನಲ್ಲಿದ್ದವು. ಒಂದನ್ನು ಅದ್ದಿದೆ. ನೈಟ್ರೇಟ್ ಹೆಚ್ಚಿದ್ದಷ್ಟೂ ಬಣ್ಣ ಕಡುವಾಗುತ್ತದೆ; ತಿಳಿ ಗುಲಾಬಿ ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಬೀಟ್‌ರೂಟಿನ ಬಣ್ಣ. ದೊಡ್ಡವರು ಕುಡಿದರೆ ಕೂಡಲೇ ಏನೂ ಆಗುವುದಿಲ್ಲ. ಎಳೆಗೂಸಿನ ಹೊಟ್ಟೆಯಲ್ಲಿ ಮಾತ್ರ ಅದು ಬೇರೆ ರೂಪ ತಾಳಿ ರಕ್ತಕ್ಕೆ ಸೇರುತ್ತದೆ, ಆ ರಕ್ತ ಆಮ್ಲಜನಕವನ್ನು ಹೊರುವುದನ್ನು ಬಿಟ್ಟುಬಿಡುತ್ತದೆ. ದೊಡ್ಡವ್ವನಿಗೆ ಇದನ್ನು ಅವಳಿಗೆ ತಿಳಿಯುವ ಮಾತಿನಲ್ಲೇ ಹೇಳಿದೆ. ಊರ ಬಾಗಿಲಲ್ಲಿ ಶುದ್ಧ ನೀರಿನ ಘಟಕ ಇತ್ತು. ಮಗು ಬರೀ ಎದೆಹಾಲು ಕುಡಿಯುತ್ತಿದ್ದುದರಿಂದ ಸದ್ಯಕ್ಕೆ ಭಯವಿಲ್ಲ, ಆದರೆ ಮೇಲಿನ ಹಾಲು ಶುರುವಾದರೆ ಘಟಕದ ನೀರೇ ಆಗಬೇಕು ಅಂದೆ. ಅವಳು ತಲೆ ಆಡಿಸಿದಳು. ಆಮೇಲೆ ದೊಡ್ಡಪ್ಪನ ಕಡೆ ನೋಡಿದಳು.

ದೊಡ್ಡಪ್ಪನಿಗೆ ಚನ್ನರಾಯಪಟ್ಟಣದಲ್ಲಿ ಪಂಪು, ಪೈಪಿನ ಅಂಗಡಿ. ಬೆಳಿಗ್ಗೆ ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಹೊರಟರೆ ದಾರಿಯಲ್ಲಿ ಯಾರೇ ಸಿಕ್ಕರೂ ನಿಂತು ಮಾತಾಡಿಸುವ ಮನುಷ್ಯ. ನನ್ನನ್ನು ಪಿ.ಯು.ಗೆ ವಿಜ್ಞಾನ ಕೊಡಿಸಿ ಅಂತ ಅಪ್ಪನ ಹತ್ತಿರ ಜಗಳವಾಡಿದ್ದು ಅವರೇ. ಆ ಬೇಸಿಗೆಗೆ ಒಂದೆರಡು ವರ್ಷದ ಹಿಂದೆ ಅವರಿಗೆ ಒಂದು ಹೊಸ ಹುಚ್ಚು ಹಿಡಿದಿತ್ತು. ಎಲ್ಲೋ ಒಂದು ಶಿಬಿರಕ್ಕೆ ಹೋಗಿ ಬಂದವರು ನೀರಿಗೆ ಜೀವವಿದೆ ಅನ್ನತೊಡಗಿದರು. ಬರುವಾಗ ಮೊಳದುದ್ದದ ಹಿತ್ತಾಳೆ ಕೊಳವೆ ತಂದರು. ಅದರ ಒಳಗೆ ತಿರುಪಿನ ಹಾಗೆ ಹೆಣೆದ ತಾಮ್ರದ ಪಟ್ಟಿ, ಹೊರಗೆ ಎರಡು ಅಯಸ್ಕಾಂತ. ಅದನ್ನು ನೋಡಿ ತಾವೇ ಅಂಥವನ್ನು ಮಾಡಿಸಿ, ಜೀವಜಲ ಯಂತ್ರ ಅಂತ ಹೆಸರಿಟ್ಟು, ಊರೂರಿಗೆ ಜೋಡಿಸುತ್ತಿದ್ದರು. ಶ್ರವಣಬೆಳಗೊಳದ ದಾರಿಯ ಮನೆಗಳಿಗೆ, ದುದ್ದದ ಕಡೆಯ ಡೈರಿ ಮಾಡುವವರಿಗೆ, ತಮ್ಮ ಊರಿನ ಅರ್ಧ ಮನೆಗಳಿಗೆ.

"ನೀರು ಪೈಪಲ್ಲಿ ನೆಟ್ಟಗೆ ಓಡಿ ಓಡಿ ಬಾಡೋಗ್ಬುಟ್ಟದೆ ಕಣವ್ವ," ಅನ್ನುತ್ತಿದ್ದರು. "ಒಳೇಲಿ ಸುಳಿ ತಿರುಗ್ಕಂಡು ಓಯ್ತಾ ಇದ್ದದ್ದು ಅದು. ಇದ್ರೊಳಗೆ ಬುಟ್ಟು ನೋಡು, ಉಸಿರು ಬತ್ತದೆ. ಆರು ಮೂಲೆಯಾಗಿ ಕೂತ್ಕತ್ತದೆ."

ಘಟಕದ ನೀರು ಅವರಿಗೆ ಸತ್ತ ನೀರು. ಅದರಲ್ಲಿ ಲವಣಗಳೆಲ್ಲ ಹೋಗಿಬಿಡುತ್ತವೆ ಅನ್ನುವುದು ಅರ್ಧ ನಿಜ, ಆ ಅರ್ಧವನ್ನು ಇಟ್ಟುಕೊಂಡೇ ಅವರು ಉಳಿದ ಸುಳ್ಳನ್ನು ನಿಲ್ಲಿಸುತ್ತಿದ್ದರು. ಸುಳ್ಳು ಅಂತ ನಾನು ಬರೆಯುತ್ತಿದ್ದೇನೆ, ಅವರು ಹಾಗೆ ತಿಳಿದಿರಲಿಲ್ಲ. ತಾವೂ ಅದೇ ನೀರು ಕುಡಿಯುತ್ತಿದ್ದರು, ಕುಡಿಯುವ ಮೊದಲು ಲೋಟ ಹಣೆಗೊತ್ತಿಕೊಳ್ಳುತ್ತಿದ್ದರು. ಅವರು ಮೋಸಗಾರರಾಗಿದ್ದರೆ ನನ್ನ ಸಿಟ್ಟಿಗೆ ಸುಲಭವಾಗುತ್ತಿತ್ತು.

ನನಗೆ ಹೆಚ್ಚು ಉರಿದದ್ದು ಬೇರೆ ಕಾರಣಕ್ಕೆ. ನೀರಿನ ಬಗ್ಗೆ ಅವರು ಆಡುತ್ತಿದ್ದ ಮಾತುಗಳಲ್ಲಿ ಕೆಲವು ನನ್ನವು. ಎಂ.ಎಸ್ಸಿ. ಓದುವಾಗ ರಜೆಗೆ ಬಂದರೆ ಸಂಜೆ ಅವರ ಅಂಗಡಿಯಲ್ಲಿ ಕೂರುತ್ತಿದ್ದೆ. ಆಗ ಹೇಳಿದ್ದೆ: ನೀರಿನಷ್ಟು ವಿಚಿತ್ರ ದ್ರವ ಇನ್ನೊಂದಿಲ್ಲ, ದೊಡ್ಡಪ್ಪ. ಗಟ್ಟಿಯಾದರೆ ಮುಳುಗಬೇಕು, ಅದು ತೇಲುತ್ತದೆ. ಬಿಸಿನೀರು ತಣ್ಣೀರಿಗಿಂತ ಬೇಗ ಹೆಪ್ಪುಗಟ್ಟುತ್ತದೆ ಅನ್ನುವವರಿದ್ದಾರೆ, ನಿಜವೋ ಅಲ್ಲವೋ ಅಂತ ಇನ್ನೂ ಜಗಳವಾಡುತ್ತಿದ್ದಾರೆ. ಕೆಲವು ಮೇಲ್ಮೈಗಳ ಹತ್ತಿರ ನೀರು ತನ್ನದೇ ಒಂದು ಶಿಸ್ತಿನಲ್ಲಿ ಕೂರುತ್ತದೆ, ಅದೊಂದು ನಾಲ್ಕನೆಯ ಸ್ಥಿತಿ ಅನ್ನುವ ವಾದವಿದೆ, ಬಹಳ ಜನ ಒಪ್ಪುವುದಿಲ್ಲ. ಇವೆಲ್ಲ ನನಗೆ ಇಷ್ಟವಾದ ಪ್ರಶ್ನೆಗಳು. ಉತ್ತರ ಗೊತ್ತಿಲ್ಲದೆ ಇರುವುದರ ಸುಖ ಅವುಗಳಲ್ಲಿದೆ. ಆ ಸುಖವನ್ನು ನಾನು ಹಂಚಿಕೊಂಡದ್ದು ಆ ಮನೆತನದಲ್ಲಿ ಅವರೊಬ್ಬರ ಹತ್ತಿರವೇ. ಅವರು ಅದರಿಂದ 'ವಾದವಿದೆ' ಅನ್ನುವುದನ್ನೂ 'ಒಪ್ಪುವುದಿಲ್ಲ' ಅನ್ನುವುದನ್ನೂ ಕಿತ್ತುಹಾಕಿ, ಉಳಿದದ್ದನ್ನು ಹಿತ್ತಾಳೆ ಕೊಳವೆಗೆ ಸುತ್ತಿ ಮಾರಿದರು. ಮಾರುವಾಗ ಕೊನೆಗೊಂದು ಮಾತು ಸೇರಿಸುತ್ತಿದ್ದರು: ನಮ್ಮ ಚೈತ್ರ ಯೋಳವ್ಳೆ, ಎಂ.ಎಸ್ಸಿ. ಕೆಮಿಸ್ಟ್ರಿ.

ಅದು ಗೊತ್ತಾದದ್ದು ಅವರ ಮನೆಯ ಜಗಲಿಯಲ್ಲಿ. ಒಂದು ಸಂಜೆ ನೆರೆಮನೆಯ ಪುಟ್ಟತಾಯಮ್ಮ, ಇನ್ನೂ ನಾಲ್ಕಾರು ಜನ ಸೇರಿದ್ದರು. ಪುಟ್ಟತಾಯಮ್ಮನ ಸೊಸೆಗೆ ದಿನ ತುಂಬುತ್ತಾ ಬಂದಿತ್ತು, ಅವರ ಬೋರ್‌ವೆಲ್ಲಿಗೂ ಆ ವಾರವೇ ಯಂತ್ರ ಕೂಡಿಸಿದ್ದರು. ದೊಡ್ಡಪ್ಪ ನೀರಿಗೆ ನೆನಪಿದೆ ಅಂತ ವಿವರಿಸುತ್ತಿದ್ದರು. ಹಾಲಿನ ಪಾತ್ರೆ ಒಳಗಿಡಲು ಬಂದ ನನ್ನನ್ನು ನಿಲ್ಲಿಸಿ, "ಕೇಳಿ ಬೇಕಾದ್ರೆ, ಇವ್ಳೇ ಯೋಳ್ಲಿ," ಅಂದರು.

ನಾನು ಹೇಳಿದೆ. ನಾನು ಹಾಗೆ ಹೇಳಿಲ್ಲ, ನೀರಿನ ಕಣಗಳು ಒಂದನ್ನೊಂದು ಹಿಡಿದ ಕೈ ರೆಪ್ಪೆ ಮಿಟುಕಿಸುವುದರೊಳಗೆ ಕೋಟಿ ಕೋಟಿ ಸಲ ಬಿಟ್ಟು ಹಿಡಿಯುತ್ತವೆ, ಅದರಲ್ಲಿ ನೆನಪು ನಿಲ್ಲಲು ಜಾಗವೇ ಇಲ್ಲ ಅಂದೆ. ಒಂದು ವೇಳೆ ನೆನಪಿದ್ದರೆ ಆ ನೀರು ಮೊದಲು ನೆನೆಯಬೇಕಾದದ್ದು ತಿಪ್ಪೆಯನ್ನು. ಈ ಊರಿನ ಬೋರ್‌ವೆಲ್ ನೀರನ್ನು ಎಳೆಗೂಸುಗಳಿಗೆ ಕೊಡಬೇಡಿ, ಯಂತ್ರ ಇದ್ದರೂ ಕೊಡಬೇಡಿ ಅಂತಲೂ ಅಂದೆ.

ಪುಟ್ಟತಾಯಮ್ಮ ನಕ್ಕರು. "ಅಯ್ಯೋ, ಎಂಗೆ ನಾಚ್ಕತ್ತದೆ ನೋಡ್ರವ್ವ. ದೊಡ್ಡಪ್ಪ ಒಗಳಿದ್ರೆ ಸಾಕು, ನಾನಲ್ಲ ನಾನಲ್ಲ ಅಂತದೆ."

ಎಲ್ಲರೂ ನಕ್ಕರು. ನನ್ನ ದನಿ ಸಣ್ಣದು. ಸಣ್ಣ ದನಿಯಲ್ಲಿ ಹೆಣ್ಣೊಬ್ಬಳು ಅಲ್ಲ ಅಂದರೆ ಅದು ನಾಚಿಕೆ. ದೊಡ್ಡ ದನಿಯಲ್ಲಿ ಅಂದಿದ್ದರೆ ಸೊಕ್ಕು. ಮೂರನೆಯ ದನಿಯೊಂದು ಇದೆಯೇ ಅಂತ ಆ ದಿನ ಹಾಲಿನ ಪಾತ್ರೆ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತು ಯೋಚಿಸಿದೆ.

ಒಳಗೆ ಬಂದ ದೊಡ್ಡಪ್ಪನಿಗೆ ಕಡ್ಡಿ ಅದ್ದಿ ತೋರಿಸಿದೆ. ಯಂತ್ರಕ್ಕೆ ಮೊದಲಿನ ನೀರು, ಯಂತ್ರದಿಂದ ಬಂದ ನೀರು. ಎರಡೂ ಒಂದೇ ಬೀಟ್‌ರೂಟ್. ಅವರು ಎರಡನ್ನೂ ಬೆಳಕಿಗೆ ಹಿಡಿದು ನೋಡಿದರು. "ಈ ಕಡ್ಡಿಗೆ ಸತ್ತದ್ದು ಮಾತ್ರ ಕಾಣದು ಮಗಾ. ಜೀವ ಎಲ್ಲಿ ಕಂಡಾದು," ಅಂದರು, ಅನುಕಂಪದಿಂದ. ಆ ಅನುಕಂಪವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ವೈಶಾಖದ ನಡುವೆ ಮಮತಾಗೆ ಎದೆ ಬಾತು ಜ್ವರ ಬಂತು. ಹಾಲು ಕಡಿಮೆಯಾಯಿತು. ಡಾಕ್ಟರು ಸ್ವಲ್ಪ ದಿನ ಪುಡಿ ಹಾಲು ಕೊಡಿ ಅಂದರು. ನಾನು ಸ್ಕೂಟರಿನಲ್ಲಿ ಘಟಕದ ನೀರು ತರತೊಡಗಿದೆ. ಅದನ್ನು ಒಂದು ಕುದಿ ಬರಿಸಿ, ಆರಿಸಿ, ಪುಡಿ ಕಲಸುತ್ತಿದ್ದೆ. ನಾನಿರುವವರೆಗೆ ಯಾರೂ ಅಡ್ಡ ಬರಲಿಲ್ಲ. ಅಷ್ಟರಲ್ಲಿ ಪದವಿ ಪರೀಕ್ಷೆಯ ಮೌಲ್ಯಮಾಪನಕ್ಕೆ ಹಾಸನಕ್ಕೆ ಬರಹೇಳಿದರು. ಹೊರಡುವ ದಿನ ದೊಡ್ಡವ್ವನನ್ನೂ ಮಮತಾಳನ್ನೂ ಕೂರಿಸಿಕೊಂಡು ಮತ್ತೊಮ್ಮೆ ಹೇಳಿದೆ. ಕ್ಯಾನು ತುಂಬಿಸಿಟ್ಟು ಹೋದೆ.

ನಾನು ಹೋದ ಮೇಲೆ ಆದದ್ದನ್ನು ಮಮತಾ ಆಮೇಲೆ ಹೇಳಿದಳು. ಕ್ಯಾನಿನ ನೀರನ್ನು ದೊಡ್ಡಪ್ಪ ದಾಸವಾಳದ ಗಿಡಕ್ಕೆ ಸುರಿದರಂತೆ, ಕೂಸಿಗೆ ಸತ್ತ ನೀರು ಕೊಡುವುದೇ ಅಂತ. ನಾನು ತಿಪ್ಪೆಯ ನೆನಪು ಅಂದದ್ದು ಅವರ ಮನಸ್ಸಿನಲ್ಲಿ ಉಳಿದಿತ್ತು. ಅದಕ್ಕೂ ಅವರು ಒಂದು ಉಪಾಯ ಕಂಡುಹಿಡಿದಿದ್ದರು. ನಮ್ಮ ಕಡೆ ಬಾಣಂತಿಗೆ ತಣ್ಣೀರು ಕೊಡುವುದಿಲ್ಲ. ಓಮ ಹಾಕಿದ ನೀರನ್ನು ಕುದಿಸಿ ಕುದಿಸಿ ಅರ್ಧಕ್ಕಿಳಿಸಿ ಕೊಡುವುದು ಪದ್ಧತಿ. ನೀರು ಹಗುರವಾಗುತ್ತದೆ ಅಂತ ದೊಡ್ಡವ್ವನ ನಂಬಿಕೆ. ಅರ್ಧಕ್ಕಿಳಿದರೆ ಹಳೆಯ ನೆನಪೆಲ್ಲ ಆವಿಯಾಗಿ ಹೋಗುತ್ತದೆ, ಆಮೇಲೆ ಯಂತ್ರದಲ್ಲಿ ಸುಳಿ ಕೊಟ್ಟರೆ ಹೊಸ ನೀರು ಹುಟ್ಟುತ್ತದೆ ಅಂತ ದೊಡ್ಡಪ್ಪನ ಸಿದ್ಧಾಂತ. ಅಜ್ಜಿಯರ ಪದ್ಧತಿಯೂ ಶಿಬಿರದ ವಿಜ್ಞಾನವೂ ಒಂದೇ ಪಾತ್ರೆಯಲ್ಲಿ ಕೂಡಿದವು. ಇಬ್ಬರಿಗೂ ಸಂತೋಷ. ತಾಯಿಗೆಂದು ಮಾಡುತ್ತಿದ್ದ ಆ ನೀರಿನಲ್ಲೇ ಮಗುವಿನ ಹಾಲಿನ ಪುಡಿಯನ್ನೂ ಕಲಸಿದರು.

ಕುದಿಯುವಾಗ ಹೋಗುವುದು ನೀರು. ನೈಟ್ರೇಟ್ ಎಲ್ಲಿಗೂ ಹೋಗುವುದಿಲ್ಲ. ಅರ್ಧಕ್ಕಿಳಿಸಿದರೆ ಅದು ಇಮ್ಮಡಿ. ಪಾತ್ರೆಯ ಗೋಡೆಯಲ್ಲಿ ದಿನವೂ ಸುಣ್ಣದ ಉಂಗುರ ಕಟ್ಟುತ್ತಿತ್ತು. ದೊಡ್ಡವ್ವ ದಿನವೂ ಹುಣಸೆಹಣ್ಣು ಹಾಕಿ ಅದನ್ನು ತಿಕ್ಕುತ್ತಿದ್ದಳು. ಹೋಗದೆ ಉಳಿಯುವುದು ಏನು ಅನ್ನುವುದು ಅವಳ ಕೈಗೇ ಸಿಗುತ್ತಿತ್ತು.

ನಾನು ವಾಪಸು ಬಂದದ್ದು ಮೊದಲ ಮಳೆ ಬಿದ್ದ ಮಾರನೆಯ ಮಧ್ಯಾಹ್ನ. ಅಂಗಳವೆಲ್ಲ ಓಮದ ವಾಸನೆ. ತೊಟ್ಟಿಲಲ್ಲಿ ಮಗು ಅಳದೆ ಮಲಗಿತ್ತು. ತುಟಿಯ ಸುತ್ತ, ಉಗುರುಗಳಲ್ಲಿ ಸ್ಲೇಟಿನ ಬಣ್ಣ. ಮಳೆ ಶೀತಕ್ಕೆ ಹಾಗಾಗಿದೆ ಅಂದಳು ದೊಡ್ಡವ್ವ, ದೃಷ್ಟಿ ತೆಗೆದಿದ್ದೇನೆ, ಬಜೆ ತೇದು ನೆಕ್ಕಿಸಿದ್ದೇನೆ ಅಂದಳು. ಮಮತಾ ಮಗುವಿನ ಬೆರಳನ್ನು ಉಜ್ಜುತ್ತಲೇ ಇದ್ದಳು, ಉಜ್ಜಿದರೆ ಬಣ್ಣ ಹೋಗುತ್ತದೆ ಅನ್ನುವ ಹಾಗೆ. ನಾನು ಕೇಳಿದ್ದು ಒಂದೇ: ಯಾವ ನೀರಲ್ಲಿ ಕಲಸಿದ್ರಿ. ಉತ್ತರ ಒಲೆಯ ಮೇಲೆ ಕುದಿಯುತ್ತಿತ್ತು.

ದೊಡ್ಡಪ್ಪನ ಕಾರಿನಲ್ಲೇ ಹಾಸನಕ್ಕೆ ಹೋದೆವು. ಅವರು ದಾರಿಯುದ್ದಕ್ಕೂ ಹಾರ್ನ್ ಒತ್ತುತ್ತಲೇ ಓಡಿಸಿದರು, ನನಗೆ ಕರುಣೆ ಬರಲಿಲ್ಲ. ಮಕ್ಕಳ ಡಾಕ್ಟರು ನಡುವಯಸ್ಸಿನ ಹೆಂಗಸು. ಮಗುವಿನ ತುಟಿ ನೋಡಿದವರೇ, ಬೋರ್‌ವೆಲ್ ನೀರಾ ಅಂತ ಕೇಳಿದರು. ಹೌದು, ಕುದಿಸಿ ಅರ್ಧ ಮಾಡಿದ್ದು ಅಂದೆ. ಸೂಜಿಯಲ್ಲಿ ಬಂದ ರಕ್ತ ಕಾಫಿ ಡಿಕಾಕ್ಷನ್ನಿನ ಹಾಗಿತ್ತು. ಬಿಳಿ ಬಟ್ಟೆಯ ಮೇಲೆ ಒಂದು ಹನಿ ಬಿಟ್ಟು ಗಾಳಿಗೆ ಹಿಡಿದರು, ಕೆಂಪಾಗಲಿಲ್ಲ. ಆಮೇಲೆ ಆ ಸಣ್ಣ ಕೈಯ ನರಕ್ಕೆ ಕಡುನೀಲಿ ಬಣ್ಣದ ಔಷಧಿಯನ್ನು ಮೆಲ್ಲಗೆ ಬಿಟ್ಟರು. ನೀಲಿಗಟ್ಟಿದ ಮಗುವಿಗೆ ನೀಲಿಯೇ ಮದ್ದು. ಇದರಲ್ಲಿ ಎಂಥ ಕಥೆ ಕಟ್ಟಬಹುದಾಗಿತ್ತು ದೊಡ್ಡಪ್ಪನ ಶಿಬಿರದವರು. ಆದರೆ ಅದು ಕಥೆಯಲ್ಲ. ಆ ಬಣ್ಣ ರಕ್ತದೊಳಗೆ ಏನು ಮಾಡುತ್ತದೆ ಅಂತ ಒಂದೊಂದು ಹೆಜ್ಜೆಯೂ ಗೊತ್ತಿದೆ, ತಪ್ಪಿದ್ದರೆ ತಪ್ಪು ಅಂತ ತೋರಿಸಲು ಯಾರಿಗೂ ಅವಕಾಶವಿದೆ. ಸಂಜೆಯ ಹೊತ್ತಿಗೆ ಮಗುವಿನ ತುಟಿ ತಿರುಗಿ ಕೆಂಪಾಯಿತು. ಅದು ಗಟ್ಟಿಯಾಗಿ ಅತ್ತಿತು. ಮಮತಾ ಗೋಡೆಗೆ ಹಣೆಯಿಟ್ಟು ನಿಂತುಬಿಟ್ಟಳು.

ಕೆಲವು ದಿನ ಆಸ್ಪತ್ರೆಯಲ್ಲಿದ್ದು ಊರಿಗೆ ಮರಳುವ ಸಂಜೆ, ಕಾರಿನಲ್ಲಿ ದೊಡ್ಡಪ್ಪ ಬಾಯಿಬಿಟ್ಟರು. ಅವರಿಗೆ ಮತ್ತೆ ಧೈರ್ಯ ಬಂದಿತ್ತು.

"ಒಂದು ಮಾತು ಯೋಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ಕೂಸು ತಡ್ಕತಲ್ಲ, ಅದು ಜೀವಜಲ ಕುಡ್ದಿದ್ದಕ್ಕೆ ತಡ್ಕಂಡಿದ್ದು. ಬ್ಯಾರೆ ಮಗ ಆಗಿದ್ರೆ..."

ಕಾರು ನಿಲ್ಲಿಸಿ ಇಳಿದು ನಡೆದುಕೊಂಡು ಹೋಗೋಣ ಅನ್ನಿಸಿತು. ಇಳಿಯಲಿಲ್ಲ. ಪುಟ್ಟತಾಯಮ್ಮನ ಸೊಸೆಗೆ ಹೆರಿಗೆ ಆಯಿತಾ ಅಂತ ಕೇಳಿದೆ. ಆಗಿದೆ, ಗಂಡು, ಹಾಲು ಸಾಲದಂತೆ, ಪುಡಿ ಹಾಲು ಹಾಕುತ್ತಿದ್ದಾರೆ ಅಂದಳು ದೊಡ್ಡವ್ವ. ನೀರು ಹೇಗೆ ಕೊಡಬೇಕು ಅಂತ ನಿಮ್ಮ ದೊಡ್ಡಪ್ಪನನ್ನೇ ಕೇಳಿಕೊಂಡು ಹೋಗಿದ್ದರು ಅಂತಲೂ ಅಂದಳು.

"ಇವತ್ತೇ ಹೋಗಿ ಹೇಳಿ, ದೊಡ್ಡಪ್ಪ. ನೀವು ಹೇಳಿದ್ರೆ ಕೇಳ್ತಾರೆ."

"ಏನಂತ ಯೋಳನ? ನಮ್ಮ ಕೂಸು ನಮ್ಮ ನೀರಿಂದ್ಲೇ ಇಂಗಾಯ್ತು ಅಂತ್ಲಾ? ಊರಲ್ಲಿ ತಲೆ ಎತ್ಕಂಡ್ ಓಡಾಡದ್ ಬ್ಯಾಡ್ವಾ ನಾನು? ಶೀತ ಆಗಿತ್ತು ಅನ್ನನ. ನಿಧಾನಕ್ಕೆ ನೋಡನ."

ನಿಧಾನಕ್ಕೆ. ಹಿಂದಿನ ಸೀಟಿನಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡಿದ್ದ ಮಮತಾ, ಆ ಬೇಸಿಗೆಯಲ್ಲಿ ಅಪ್ಪನಿಗೆ ಒಮ್ಮೆಯೂ ಎದುರಾಡದವಳು, ಅವರ ಕಡೆ ನೋಡದೆ ನನಗೆ ಹೇಳಿದಳು: "ಚೈತ್ರ, ನೀನೇ ಯೋಳ್ಬುಡು. ಎಲ್ರು ಮುಂದೆ ಯೋಳು." ದೊಡ್ಡಪ್ಪ ಕನ್ನಡಿಯಲ್ಲಿ ಅವಳನ್ನು ನೋಡಿದರು. ಇಳಿದವಳೇ ನಾನು ಪುಟ್ಟತಾಯಮ್ಮನ ಮನೆಗೆ ಹೋದೆ. ಅವರು ಸೊಸೆಯ ತವರಿಗೆ ಸಿಹಿ ಕೊಡಲು ಹೋಗಿದ್ದಾರೆ, ಬೆಳಿಗ್ಗೆ ಬರುತ್ತಾರೆ ಅಂತ ಮಗ ಹೇಳಿದ. ನಾನು ಹೇಳಿದ್ದನ್ನು ಬಾಗಿಲಲ್ಲಿ ನಿಂತೇ ಕೇಳಿಸಿಕೊಂಡು, ಅವ್ವ ಬರಲಿ ಅಂದ. ಅಲ್ಲಿಯವರೆಗಾದರೂ ಆ ನೀರು ಬೇಡ ಅಂತ ಘಟಕದಿಂದ ಒಂದು ಕ್ಯಾನು ನೀರು ತಂದು ಅವನ ಕೈಗೆ ಕೊಟ್ಟು ಬಂದೆ. ಅವನು ಅದನ್ನು ಒಳಗೆ ತೆಗೆದುಕೊಂಡು ಹೋಗದೆ ಜಗಲಿಯ ಮೇಲೆ ಇಟ್ಟದ್ದು ನನಗೆ ಕಾಣಿಸಿತು.

ಮಾರನೆಯ ಬೆಳಿಗ್ಗೆ ಹಾಲಿನ ಡೈರಿಗೆ ಹೋದೆ. ಊರಿನ ಹೆಂಗಸರೆಲ್ಲ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುವುದು ಅಲ್ಲಿಯೇ. ಎಲ್ಲರ ಕಣ್ಣೆದುರು ಒಬ್ಬೊಬ್ಬರ ಹಾಲನ್ನೂ ಅಳೆದು ಪರೀಕ್ಷೆ ಮಾಡುತ್ತಾರೆ. ನೀರು ಬೆರೆತಿದ್ದರೆ ಯಾರ ಮನೆಯವರು ಅಂತ ನೋಡುವುದಿಲ್ಲ, ಅದರ ಮೇಲೆ ಯಾರೂ ಜಗಳವಾಡುವುದಿಲ್ಲ. ಬಸ್ಸಿಳಿದು ನೇರವಾಗಿ ಬಂದಿದ್ದ ಪುಟ್ಟತಾಯಮ್ಮ ಮಗನ ಕೈಯಿಂದ ಹಾಲಿನ ಕ್ಯಾನು ತೆಗೆದುಕೊಂಡು ಸಾಲಿನ ನಡುವೆ ನಿಂತಿದ್ದರು. ನಾನು ಹಾಲು ಅಳೆಯುವ ಮೇಜಿನ ಪಕ್ಕ ನಿಂತೆ. ಮಮತಾಳ ಮಗುವಿಗೆ ಏನಾಯಿತು, ಯಾವ ನೀರಿನಿಂದ ಆಯಿತು, ಕುದಿಸಿದ್ದರಿಂದ ಅದು ಹೇಗೆ ಹೆಚ್ಚಾಯಿತು ಅಂತ ಮೊದಲಿಂದ ಕೊನೆಯವರೆಗೆ ಹೇಳಿದೆ. ಯಂತ್ರಕ್ಕೆ ನನ್ನ ಒಪ್ಪಿಗೆ ಇದೆ ಅಂತ ದೊಡ್ಡಪ್ಪ ಹೇಳಿದ್ದು ಸುಳ್ಳು ಅಂತ, ಅವರ ಹೆಸರು ಹಿಡಿದು ಹೇಳಿದೆ. ನನ್ನ ದನಿ ದೊಡ್ಡದಾಗಿರಲಿಲ್ಲ. ಲೀಟರಿನ ಅಳತೆ ಹಿಡಿದಿದ್ದವನು ಸುರಿಯುವುದನ್ನು ನಿಲ್ಲಿಸಿದ್ದ, ಅದರಿಂದ ಎಲ್ಲರಿಗೂ ಕೇಳಿಸಿತು.

ಪುಟ್ಟತಾಯಮ್ಮನ ಮುಖ ಬಿಳಿಚಿಕೊಂಡಿತು. "ಇದ್ನ ಅವತ್ತೇ ಯೋಳಕ್ಕೇನಾಗಿತ್ತು ನಿಂಗೆ?"

"ಹೇಳಿದ್ದೆ. ನೀವು ನಕ್ರಿ."

ಅವರು ಹಾಲಿನ ಕ್ಯಾನನ್ನು ಅಲ್ಲೇ ನೆಲಕ್ಕಿಟ್ಟರು. ನಾನು ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅವರ ಮನೆಗೆ ಹೋದೆ. ಮಗು ನಿದ್ದೆಯಲ್ಲಿತ್ತು; ತುಟಿ ನೋಡಿದೆ, ಉಗುರು ನೋಡಿದೆ, ಉಗುರಿನ ಬುಡದಲ್ಲಿ ಸ್ಲೇಟಿನ ಬಣ್ಣದ ಸುಳಿವಿತ್ತು. ಆಸ್ಪತ್ರೆಗೆ ಹೊರಡಲು ಅವರ ಮಗನಿಗೆ ಆಟೋ ತರಹೇಳಿದೆ. ಒಲೆಯ ಮೇಲೆ ಅರ್ಧಕ್ಕಿಳಿಯುತ್ತಿದ್ದ ನೀರನ್ನು ಬಚ್ಚಲಿಗೆ ಚೆಲ್ಲಿ, ಪಾತ್ರೆ ತೊಳೆದೆ. ಜಗಲಿಯ ಮೇಲೇ ಇದ್ದ ಕ್ಯಾನನ್ನು ಒಳಗೆ ತಂದು ಅದರ ನೀರು ಹಾಕಿದೆ, ಆಟೋ ಬರುವವರೆಗೆ ಒಲೆಯ ಮುಂದೆ ನಿಂತಿದ್ದು, ಒಂದು ಕುದಿ ಬಂದ ಕೂಡಲೇ ಇಳಿಸಿದೆ.